ಧಾರೆಗೆ ಮೊದಲು ನಿಂತ ಸ್ಯಾಕ್ಸೋಫೋನ್

ಬೈಲೂರಿನ ಕರುಣಾಕರ ಶೇರಿಗಾರರು ಮಾತಿನಲ್ಲಿ ಮಹಾ ಜಿಪುಣರು, ಉಸಿರಿನಲ್ಲಿ ಮಾತ್ರ ಧಾರಾಳಿ. ಕಾರ್ಕಳದಿಂದ ಕಾಪುವಿನವರೆಗೆ ಎಲ್ಲಿ ಮದುವೆಯಾಗಲಿ, ದೈವದ ನೇಮವಾಗಲಿ, ದೇವಸ್ಥಾನದಲ್ಲಿ ಉತ್ಸವದ ಬಲಿ ಹೊರಡಲಿ, ಅವರ ಸ್ಯಾಕ್ಸೋಫೋನ್ ಇರಲೇಬೇಕು. "ಊಟ ಆಯ್ತಾ ಕರುಣಾಕರಣ್ಣ?" ಎಂದು ಕೇಳಿದರೆ ಒಂದು "ಹ್ಞೂಂ" ಸಿಗುವುದೂ ಕಷ್ಟ. ಅದೇ ಮನುಷ್ಯ ಕಲ್ಯಾಣಿ ರಾಗ ಹಿಡಿದರೆ ಅಡುಗೆಯವರು ಸೌಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಿದ್ದರು, ಸಾರು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ.

ಅವರ ತಂದೆ ನಾಗಸ್ವರದವರು. ಮಗನಿಗೆ ಆಸ್ತಿ ಎಂದು ಬಿಟ್ಟುಹೋದದ್ದು ಎರಡು ಕಟ್ಟಳೆಗಳನ್ನು. ಒಂದು, ಕಾರ್ಯ ಮುಗಿಯುವವರೆಗೆ ವಾದ್ಯ ತುಟಿಯಿಂದ ಇಳಿಯಬಾರದು. ಇನ್ನೊಂದು, ಪತ್ತನಾಜೆ ಕಳೆದ ಮೇಲೆ ದೀಪಾವಳಿಯವರೆಗೆ ವಾದ್ಯ ಮುಟ್ಟಬಾರದು. ಪತ್ತನಾಜೆ ಎಂದರೆ ಮಳೆಗಾಲದ ಬಾಗಿಲು. ಮೇ ತಿಂಗಳ ಕೊನೆಗೆ ಆ ದಿನ ಬಂತೆಂದರೆ ದೈವಗಳ ಕಾಲಿನ ಗಗ್ಗರ ಒಳಗೆ ಹೋಗುತ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ತುಳುನಾಡು ಕೊಡೆ ಬಿಡಿಸಿಕೊಂಡು ಗದ್ದೆ ಕಡೆ ಮುಖ ಮಾಡುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ಮದುವೆ ಬಂದರೆ ಅಕ್ಕನ ಮಗ ರಿತೇಶ್ ಹೋಗಿ ಬರುತ್ತಿದ್ದ. ಕರುಣಾಕರ ಶೇರಿಗಾರರು ಮಾತ್ರ ವಾದ್ಯವನ್ನು ಒರೆಸಿ, ಹಳೆಯ ರೇಷ್ಮೆ ಶಾಲಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿಬಿಡುತ್ತಿದ್ದರು.

ಹಾಗಾಗಿ ಅವರ ಮನೆಯಲ್ಲಿ ಯಾವ ಕೆಲಸ ಮುಂದೂಡಬೇಕಾದರೂ ಒಂದೇ ಮಾತು: "ಪತ್ತನಾಜೆ ಕಳೆಯಲಿ." ಮಾಡು ಸೋರುತ್ತದೆಯೇ? ಪತ್ತನಾಜೆ ಕಳೆಯಲಿ. ಮಗಳು ವಿಜೇತಾಳ ಹೊಸ ಮನೆ ನೋಡಲು ಪಡುಬಿದ್ರಿಗೆ ಹೋಗಬೇಕೇ? ಪತ್ತನಾಜೆ ಕಳೆಯಲಿ. ಪತ್ತನಾಜೆ ಕಳೆದು ಮಳೆ ಹೊಯ್ಯತೊಡಗಿದ ಮೇಲೆ ಮಾಡು ರಿಪೇರಿ ಮಾಡುವುದು ಹೇಗೆ ಎಂದು ಹೆಂಡತಿ ಮನೋರಮಾ ಕೇಳಿ ಕೇಳಿ ಸುಸ್ತಾಗಿ, ಸೋರುವಲ್ಲಿ ಪಾತ್ರೆ ಇಡುವುದನ್ನು ರೂಢಿ ಮಾಡಿಕೊಂಡಿದ್ದರು.

ಅರವತ್ತೆಂಟನೇ ವಯಸ್ಸಿನಲ್ಲಿ, ನೇಮಗಳ ಭರಾಟೆಯ ಮಾರ್ಚ್ ತಿಂಗಳಲ್ಲಿ, ಅವರ ದವಡೆ ನೋಯತೊಡಗಿತು. ಊದಲು ಶುರು ಮಾಡುವಾಗ ಏನೂ ಇಲ್ಲ. ಸ್ವಲ್ಪ ಹೊತ್ತು ಊದಿದರೆ ಕೆನ್ನೆಯ ಹಿಂದೆ, ಕಿವಿಯ ಬುಡದಲ್ಲಿ, ಯಾರೋ ಹಿಂಡಿದ ಹಾಗೆ. ನಿಲ್ಲಿಸಿ ನೀರು ಕುಡಿದರೆ ಹೋಗುತ್ತದೆ, ಮತ್ತೆ ಊದಿದರೆ ಬರುತ್ತದೆ. ಹಲ್ಲೇ ಕಾರಣ ಎಂದು ಅವರೇ ತೀರ್ಮಾನ ಮಾಡಿದರು. ಕಾರ್ಕಳದ ಹಲ್ಲಿನ ಡಾಕ್ಟರು "ಹಲ್ಲು ಗಟ್ಟಿಮುಟ್ಟಾಗಿ ಉಂಟಲ್ಲ" ಎಂದರೂ ಬಿಡದೆ, ಹಟ ಹಿಡಿದು ಎಡಗಡೆಯ ದವಡೆ ಹಲ್ಲೊಂದನ್ನು ಕೀಳಿಸಿಕೊಂಡು ಬಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಪಾಪದ ಹಲ್ಲು ಹೋಯಿತು, ನೋವು ಉಳಿಯಿತು.

ಅದರ ಜೊತೆಗೆ ಎಡ ಕಣತಲೆಯಲ್ಲಿ ಒಂದು ಹಟಮಾರಿ ತಲೆನೋವು. ಬಾಚಣಿಗೆ ತಾಗಿದರೂ ನೆತ್ತಿ ಚುರ್ ಎನ್ನುತ್ತಿತ್ತು. ಬಿಸಿಲಿಗೆ ತಲೆಗೆ ಬೈರಾಸು ಸುತ್ತಿಕೊಳ್ಳುವ ಮನುಷ್ಯ ಅದನ್ನು ಹೆಗಲಿಗೆ ಹಾಕಿಕೊಂಡು ತಿರುಗಿದರು. ಬೆಳಿಗ್ಗೆ ಏಳುವಾಗ ಎರಡೂ ಭುಜ ಬಿಗಿದು, ಅಂಗಿಯ ತೋಳಿಗೆ ಕೈ ತೂರಿಸಲು ಮನೋರಮಾ ಬರಬೇಕಾಗುತ್ತಿತ್ತು.

"ಮಣಿಪಾಲಕ್ಕೆ ಹೋಗಿ ಒಮ್ಮೆ ತೋರಿಸುವ. ಬಸ್ಸು ಮನೆ ಎದುರೇ ಹೋಗ್ತದಲ್ಲ," ಎಂದರು ಮನೋರಮಾ.

ಉತ್ತರ ಏನೆಂದು ನಿಮಗೂ ಗೊತ್ತು.

ಪತ್ತನಾಜೆ ಕಳೆಯಿತು. ಸ್ಯಾಕ್ಸೋಫೋನ್ ಶಾಲು ಹೊದ್ದು ಅಟ್ಟ ಸೇರಿತು. ಒಂದು ವಾರದೊಳಗೆ ದವಡೆ ನೋವು ಮಾಯ! "ನೋಡು, ಆಸ್ಪತ್ರೆಗೆ ಹೋಗಿದ್ದರೆ ಸುಮ್ಮನೆ ಒಂದು ದಿನ ದಂಡ," ಎಂದು ಅವರು ಗೆದ್ದವರ ಹಾಗೆ ಬೀಗಿದರು. ಮನೋರಮಾ ಒಪ್ಪಿಕೊಂಡರು. ಯಾರಾದರೂ ಒಪ್ಪಿಕೊಳ್ಳುತ್ತಿದ್ದರು. ಊದದವನ ದವಡೆಗೆ ಕೆಲಸವಿಲ್ಲ, ಕೆಲಸವಿಲ್ಲದ ದವಡೆ ಯಾಕೆ ನೋಯಬೇಕು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹಲ್ಲು ಕಿತ್ತ ನೆಪದಲ್ಲಿ ಊಟವೂ ಗಂಜಿ, ಮೆತ್ತಗಿನ ಪಲ್ಯಕ್ಕೆ ಇಳಿದಿತ್ತು. ತಲೆನೋವನ್ನು ಮಳೆಯ ಥಂಡಿಯ ಲೆಕ್ಕಕ್ಕೆ ಹಾಕಿದರು.

ಜುಲೈಯಲ್ಲಿ ಒಂದು ದಿನ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಾಗ ಎಡಗಣ್ಣಿಗೆ ಮೇಲಿನಿಂದ ಬೂದು ಪರದೆಯೊಂದು ಇಳಿಯಿತು. ಕರುಣಾಕರ ಶೇರಿಗಾರರು ಕಣ್ಣುಜ್ಜಿದರು. ಬಲಗಣ್ಣು ಮುಚ್ಚಿ ನೋಡಿದರೆ ಅಂಗಳವೇ ಇಲ್ಲ. ಸ್ವಲ್ಪ ಹೊತ್ತಿಗೆ ಪರದೆ ತಾನಾಗಿಯೇ ಮೇಲೆ ಹೋಗಿ, ಅಂಗಳ, ತುಳಸಿಕಟ್ಟೆ, ಒದ್ದೆ ಕೋಳಿ ಎಲ್ಲ ಇದ್ದಲ್ಲೇ ಕಾಣಿಸಿದವು. ಒಳಗೆ ಮನೋರಮಾ ಇದ್ದರು. ಒಂದು ಮಾತು ಕೂಗಿ ಹೇಳಿದ್ದರೆ ಸಾಕಿತ್ತು. ಆದರೆ ಬಂದದ್ದು ಹೋಯಿತಲ್ಲ, ಇನ್ನು ಹೇಳಿ ಅವಳನ್ನು ಹೆದರಿಸುವುದೇಕೆ ಎಂದುಕೊಂಡು ಅವರು ಮುಂದಿನ ಬೀಜ ಕೈಗೆತ್ತಿಕೊಂಡರು. ಕೆಲವು ಗಂಡಸರು ಮಾತು ಉಳಿಸಿ ಏನು ಗಳಿಸುತ್ತಾರೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ನಾಲ್ಕಾರು ದಿನ ಬಿಟ್ಟು, ಬೆಳಿಗ್ಗೆ ಎದ್ದಾಗ, ಪರದೆ ಮತ್ತೆ ಇಳಿದಿತ್ತು. ಈ ಸಲ ಅದು ಮೇಲೆ ಹೋಗಲಿಲ್ಲ.

ಮುಖ ತೊಳೆದರು, ಚಹಾ ಕುಡಿದರು, ಕಾದರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮನೋರಮಾ, ಒಂದು ಕಣ್ಣು ಕಾಣುವುದಿಲ್ಲ," ಎಂದರು. ಮನೋರಮಾ ಹೊಯ್ದಿದ್ದ ದೋಸೆ ಕಾವಲಿಯ ಮೇಲೆ ಹಾಗೆಯೇ ಕರಟಿತು. ರಿತೇಶ್ ಕಾರು ತಂದ. ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲ ಮುಟ್ಟುವವರೆಗೆ ವೈಪರ್ ಒಂದೇ ಸಮನೆ ಟಕಟಕ ಹೊಡೆದುಕೊಳ್ಳುತ್ತಿತ್ತು.

ಆಸ್ಪತ್ರೆಯಲ್ಲಿ ಕಣ್ಣು ನೋಡಿದವರು ಡಾಕ್ಟರ್ ಡೈನಾ, ಶಿರ್ವದ ಕಡೆಯ ಹೆಣ್ಣುಮಗಳು. ಔಷಧಿ ಹಾಕಿ, ಬೆಳಕು ಬಿಟ್ಟು, ಎಡಗಣ್ಣಿನ ಒಳಗನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

"ಅಂಕಲ್, ತಲೆನೋವು ಉಂಟಾ?"

"ಸ್ವಲ್ಪ ಉಂಟು."

"ಊಟ ಮಾಡುವಾಗ, ಏನಾದರೂ ಗಟ್ಟಿಯದ್ದು ಅಗಿಯುವಾಗ, ದವಡೆ ನೋಯ್ತದಾ?"

"ಇಲ್ಲ."

ಸುಳ್ಳಲ್ಲ. ಗಂಜಿ ಕುಡಿಯುವವನಿಗೆ ಅಗಿಯಲು ಏನಿದೆ? ಡಾಕ್ಟರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುವುದರಲ್ಲಿದ್ದರು. ಅಷ್ಟರಲ್ಲಿ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ ಮನೋರಮಾ ಎರಡು ಹೆಜ್ಜೆ ಮುಂದೆ ಬಂದರು.

"ಡಾಕ್ಟ್ರೇ, ಇವರು ಈಗ ಅಗಿಯುವುದೂ ಇಲ್ಲ, ಊದುವುದೂ ಇಲ್ಲ. ಇವರು ಸ್ಯಾಕ್ಸೋಫೋನಿನವರು. ಪತ್ತನಾಜೆಗೆ ಮೊದಲು ಊದುವಾಗ ದವಡೆ ನೋಯ್ತಿತ್ತು. ನಿಲ್ಲಿಸಿದರೆ ಕಡಿಮೆ ಆಗ್ತಿತ್ತು. ಅದಕ್ಕೇ ಅಂತ ಒಂದು ಒಳ್ಳೆ ಹಲ್ಲು ಸಹ ಕೀಳಿಸಿದ್ದಾರೆ."

ಡಾಕ್ಟರ್ ಡೈನಾ ಪೆನ್ನು ಕೆಳಗಿಟ್ಟರು. ಎದ್ದು ಬಂದು ಕರುಣಾಕರ ಶೇರಿಗಾರರ ಎಡ ಕಣತಲೆಯ ಮೇಲೆ ಎರಡು ಬೆರಳಿಟ್ಟರು. ಅಲ್ಲಿ ಚರ್ಮದ ಕೆಳಗೆ ನೂಲಿನ ಹುರಿಯಂತೆ ಏನೋ ಗಟ್ಟಿಯಾಗಿತ್ತು. ಶೇರಿಗಾರರು ಮುಖ ಹಿಂಡಿದರು. "ಇಲ್ಲಿ ನಾಡಿ ಹೊಡೆದುಕೊಳ್ಳಬೇಕಿತ್ತು," ಎಂದು ಡಾಕ್ಟರು ಮೆಲ್ಲನೆ ಹೇಳಿ, ನರ್ಸನ್ನು ಕರೆದು ಕೂಡಲೇ ರಕ್ತ ತೆಗೆಯಲು, ಡ್ರಿಪ್ ಹಾಕಲು ತಯಾರಿ ಮಾಡಿಸಿದರು.

ಆಮೇಲೆ ವಿವರಿಸಿದರು. ಇದು ಕಣ್ಣಿನಿಂದ ಶುರುವಾದ ರೋಗ ಅಲ್ಲ, ರಕ್ತನಾಳದ ಉರಿಯೂತ. ತಲೆಗೆ ಹೋಗುವ ರಕ್ತನಾಳದ ಗೋಡೆ ಬಾತುಕೊಂಡು ಒಳಗಿನ ದಾರಿ ಸಪೂರ ಆಗುತ್ತದೆ, ತೋಟದ ಪೈಪಿನೊಳಗೆ ಪಾಚಿ ಕಟ್ಟಿದ ಹಾಗೆ. ಸುಮ್ಮನಿರುವ ದವಡೆಗೆ ಬರುವಷ್ಟು ರಕ್ತ ಸಾಕಾಗುತ್ತದೆ. ಕೆಲಸ ಮಾಡಿದರೆ ಸಾಕಾಗುವುದಿಲ್ಲ, ಆಗ ನೋಯುತ್ತದೆ. ಕಣ್ಣಿನ ನರಕ್ಕೂ ರಕ್ತ ಅಂಥ ನಾಳಗಳಿಂದಲೇ ಬರಬೇಕು. ದವಡೆಯಾದರೆ ಕೂಗಿ ಹೇಳುತ್ತದೆ, ಕಣ್ಣು ಹೇಳದೆ ಕೇಳದೆ ಆರಿಹೋಗುತ್ತದೆ.

"ಎಡಗಣ್ಣು ಬರುವುದು ಕಷ್ಟ ಅಂಕಲ್. ನಾನು ಸುಳ್ಳು ಹೇಳುವುದಿಲ್ಲ. ಆದರೆ ಬಲಗಣ್ಣು ಉಂಟಲ್ಲ, ಅದನ್ನು ಉಳಿಸಲೇಬೇಕು. ಬಿಟ್ಟರೆ ಅದೂ ಕೆಲವೇ ದಿನಗಳಲ್ಲಿ ಹೋಗಬಹುದು. ಇದಕ್ಕೆ ಮೊದಲು ಯಾವಾಗಾದರೂ ಕತ್ತಲೆ ಬಂದು ಹೋದದ್ದು ಉಂಟಾ?"

ಕರುಣಾಕರ ಶೇರಿಗಾರರು ಹೆಂಡತಿಯ ಕಡೆ ನೋಡಲಾರದೆ, ಡಾಕ್ಟರ ಮೇಜಿನ ಕಡೆ ನೋಡಿ, "ಹೋದ ವಾರ ಒಮ್ಮೆ," ಎಂದರು.

ಮನೋರಮಾ ವಾರ್ಡಿಗೆ ಬಂದು, ಡ್ರಿಪ್ ಹನಿಯತೊಡಗಿದ ಮೇಲೆ, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳಿದರು: "ನಾನು ಒಳಗೇ ಇದ್ದೆ. ಒಂದು ಮಾತು ಕರೆಯಲಿಕ್ಕೆ ಆಗಲಿಲ್ಲ ಅಲ್ವಾ ನಿಮಗೆ?" ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಅದು ಬೈಗುಳವಾಗಿರಲಿಲ್ಲ. ಶೇರಿಗಾರರು ಗೋಡೆಯ ಕಡೆ ತಿರುಗಿ ಮಲಗಿದರು, ಎಡಗಣ್ಣಿನಿಂದಲೂ ನೀರು ಬಂತು. ನೋಡಲಾಗದ ಕಣ್ಣಿಗೂ ಅಳುವುದು ಮರೆತಿರುವುದಿಲ್ಲ.

ಕಣತಲೆಯಿಂದ ನಾಳದ ಚೂರೊಂದನ್ನು ತೆಗೆದು ಪರೀಕ್ಷೆ ಮಾಡಿ ರೋಗ ಅದೇ ಎಂದು ಖಾತ್ರಿ ಮಾಡಿದರು. ಎಡಗಣ್ಣು ಬರಲಿಲ್ಲ. ಬಲಗಣ್ಣು ಉಳಿಯಿತು. ಸ್ಟಿರಾಯ್ಡ್ ಮಾತ್ರೆಗಳ ದೊಡ್ಡ ಗಂಟಿನೊಂದಿಗೆ ಮನೆಗೆ ಬಂದರು. ಮಾತ್ರೆಯನ್ನು ಒಂದು ದಿನವೂ ತಾನಾಗಿ ನಿಲ್ಲಿಸಬಾರದು, ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕು, ವರ್ಷಕ್ಕಿಂತ ಹೆಚ್ಚು ಹಿಡಿಯಬಹುದು. ಮಾತ್ರೆಯ ಪ್ರತಾಪದಿಂದ ಮುಖ ದುಂಡಗಾಯಿತು, ಸಕ್ಕರೆ ಏರಿತು, ನಿದ್ದೆ ಓಡಿಹೋಯಿತು. ನೋಡಲು ಬಂದವರೆಲ್ಲ "ಒಳ್ಳೆ ಕಳೆ ಬಂದಿದೆ ಕರುಣಾಕರಣ್ಣ, ದಪ್ಪ ಆಗಿದ್ದೀರಿ" ಎಂದು ಹೊಗಳಿ, ಬಾಳೆಹಣ್ಣು ಕೊಟ್ಟು ಹೋದರು. ಸಕ್ಕರೆ ಏರಿದವರ ಮನೆಗೆ ಬಾಳೆಹಣ್ಣು! ಮನೋರಮಾ ಅದನ್ನೆಲ್ಲ ಪಕ್ಕದ ಮನೆಯ ದನಕ್ಕೆ ಹಾಕಿದರು.

ಮದುವೆಯಾದಂದಿನಿಂದ ಗಂಡನ ಎಡಗಡೆ ಕೂರುತ್ತಿದ್ದವರು ಮನೋರಮಾ. ಜಗಲಿಯಲ್ಲಿ, ಬಸ್ಸಿನಲ್ಲಿ, ಪೂಜೆಯಲ್ಲಿ, ಎಲ್ಲ ಕಡೆ ಎಡಗಡೆ. ಈಗ ಯಾರಿಗೂ ಹೇಳದೆ ಬಲಗಡೆಗೆ ಬಂದರು. ಶೇರಿಗಾರರು ಗಮನಿಸಿದರು.

ಮೊದಲ ಸಲ ಮರುಪರೀಕ್ಷೆಗೆ ಹೋದಾಗ ಡಾಕ್ಟರ್ ಡೈನಾ ಒಂದು ವಿಚಿತ್ರ ಔಷಧಿ ಹೇಳಿದರು. "ದಿನಾ ಸ್ವಲ್ಪ ಹೊತ್ತು ಮನೆಯಲ್ಲಿ ಊದಿ ಅಂಕಲ್. ಮಾತ್ರೆ ಇಳಿಸುತ್ತಾ ಹೋಗುವಾಗ ರೋಗ ಪುನಃ ತಲೆ ಎತ್ತಬಹುದು. ಎತ್ತಿದರೆ ನಿಮ್ಮ ದವಡೆ ನಮ್ಮ ಲ್ಯಾಬಿಗಿಂತ ಮೊದಲೇ ಹೇಳೀತು. ನೋವು ಬಂದರೆ ಆ ದಿನವೇ ಇಲ್ಲಿಗೆ ಬರಬೇಕು. ನಾಳೆ ಅಂತ ಇಲ್ಲ."

ಶೇರಿಗಾರರು ಗಾಬರಿಯಾದರು. "ಈಗ ಊದಲಿಕ್ಕಿಲ್ಲ. ಪತ್ತನಾಜೆ ಕಳೆದಿದೆ."

"ದೈವಕ್ಕೆ ನಾನು ಹೇಳಿಕೊಳ್ತೇನೆ," ಎಂದರು ಮನೋರಮಾ. ಮನೆಗೆ ಬಂದವರೇ ಅಂಗಳದಲ್ಲಿ ನಿಂತು, ತೆಂಕು ದಿಕ್ಕಿನ ದೈವಸ್ಥಾನಕ್ಕೆ ಕೈಮುಗಿದು ಗಟ್ಟಿಯಾಗಿ ಹೇಳಿಯೂಬಿಟ್ಟರು: "ಇದು ಸೇವೆಗೆ ಅಲ್ಲಪ್ಪ, ಮದ್ದಿಗೆ. ತಪ್ಪಿದ್ದರೆ ನನಗಿರಲಿ." ಆಮೇಲೆ ಏಣಿ ಇಟ್ಟು ಅಟ್ಟ ಹತ್ತಿದರು. ಗಂಡನ ಭುಜ ಈಗ ಸಲೀಸಾಗಿ ಎದ್ದರೂ, ಒಂದೇ ಕಣ್ಣಿನಲ್ಲಿ ಏಣಿ ಹತ್ತಿಸಲು ಅವರಿಗೆ ಧೈರ್ಯ ಬರಲಿಲ್ಲ.

ಹೀಗೆ ಆಟಿ ತಿಂಗಳ ಸುರಿಮಳೆಯಲ್ಲಿ ಬೈಲೂರಿನಲ್ಲಿ ಸ್ಯಾಕ್ಸೋಫೋನ್ ಕೇಳಿಸಿತು. ದಾರಿಯಲ್ಲಿ ಹೋಗುವವರು ಕೊಡೆ ಓರೆ ಮಾಡಿ ನಿಂತರು. ಸಂಜೆ ಚಹಾ ಕುಡಿದು ಅವರು ಊದುವುದು, ಬಲಗಡೆ ಕೂತು ಮನೋರಮಾ "ನೋವುಂಟಾ?" ಎಂದು ಕೇಳುವುದು, ಅವರು ವಾದ್ಯ ಕಚ್ಚಿಕೊಂಡೇ ಇಲ್ಲವೆಂದು ತಲೆಯಾಡಿಸುವುದು. ಗಂಡನ ಸಂಗೀತವನ್ನು ಆಕೆ ಇಷ್ಟು ಹತ್ತಿರ ಕೂತು ಕೇಳಿದ್ದು ಅದೇ ಮೊದಲು. ಸೀಸನ್ನಿನಲ್ಲಿ ಅವರು ಊರೂರು ತಿರುಗುವವರು, ಮಳೆಗಾಲದಲ್ಲಿ ಮೂಕರು. "ಇಷ್ಟು ಚಂದ ಊದ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ್ರೆ," ಎಂದು ಒಂದು ದಿನ ಹೇಳಿದರು. ಶೇರಿಗಾರರು ನಾಚಿಕೊಂಡು ವಾದ್ಯದ ರೀಡ್ ಒರೆಸತೊಡಗಿದರು.

ದೀಪಾವಳಿ ಕಳೆಯಿತು, ಕರೆಗಳು ಬಂದವು. ದೂರದ ನೇಮಗಳಿಗೆ ರಿತೇಶ್ ಹೋದ, ಹಗಲಿನ ಮದುವೆಗಳಿಗೆ ಶೇರಿಗಾರರೂ ಹೋಗತೊಡಗಿದರು, ಮನೋರಮಾ ಜೊತೆಗೆ. ಮಾತ್ರೆ ಇಳಿಯುತ್ತಾ ಬಂತು, ಮುಖ ಮೊದಲಿನ ಮುಖವಾಯಿತು.

ಜನವರಿಯಲ್ಲಿ ಕಾಪುವಿನ ಒಂದು ಸಭಾಭವನದಲ್ಲಿ ಮದುವೆ. ಹುಡುಗಿಯ ಅಜ್ಜಿಯ ಮದುವೆಗೆ ಶೇರಿಗಾರರ ತಂದೆ ನಾಗಸ್ವರ ನುಡಿಸಿದ್ದರು, ಅಮ್ಮನ ಮದುವೆಗೆ ಇವರು. "ಧಾರೆಗೆ ನೀವೇ ಊದಬೇಕು" ಎಂದು ಮನೆಯವರು ಬೈಲೂರಿಗೆ ಬಂದು ಹೇಳಿಹೋಗಿದ್ದರು. ರಿತೇಶ್ ಎಂದಿನಂತೆ ಎರಡನೆಯ ಸ್ಯಾಕ್ಸೋಫೋನ್ ಹಿಡಿದು ಮಾವನ ಹಿಂದೆ ಕೂತಿದ್ದ. ಇಷ್ಟು ವರ್ಷ ಜೊತೆಗಿದ್ದರೂ, ಮಾವ ಇದ್ದಲ್ಲಿ ಧಾರೆಯ ಗಟ್ಟಿಮೇಳ ಅವನ ಪಾಲಿಗೆ ಬಂದದ್ದಿಲ್ಲ. ಮಾವ ಕೊಟ್ಟದ್ದಿಲ್ಲ, ಅವನು ಕೇಳಿದ್ದಿಲ್ಲ.

ಹುಡುಗಿ ಮಂಟಪಕ್ಕೆ ಬಂದಳು. ಶೇರಿಗಾರರು ಮೋಹನ ರಾಗ ಹಿಡಿದಿದ್ದರು, ಸಭೆ ಸದ್ದಡಗಿತ್ತು. ಆಗ ಬಂತು. ಕಿವಿಯ ಬುಡದಲ್ಲಿ, ಕೆನ್ನೆಯ ಹಿಂದೆ, ಅದೇ ಹಿಂಡುವ ಕೈ.

ಪುರೋಹಿತರು ಹುಡುಗಿಯ ಕೈಯನ್ನು ಹುಡುಗನ ಕೈಯ ಮೇಲೆ ಇಡಿಸುತ್ತಿದ್ದರು. ಹುಡುಗಿಯ ತಾಯಿ ನೀರಿನ ಚೊಂಬು ಎತ್ತಿಕೊಂಡಿದ್ದರು. ಇನ್ನೆಷ್ಟು ಹೊತ್ತು? ಧಾರೆಯೊಂದು ಆಗಿಬಿಡಲಿ, ಎಂದಿತು ಮನಸ್ಸು. ಕಾರ್ಯದ ನಡುವೆ ವಾದ್ಯ ಇಳಿಸುವುದುಂಟೇ? ಅಪ್ಪ ಜ್ವರದಲ್ಲೂ ಇಳಿಸಿದವರಲ್ಲ. ಧಾರೆ ಆಗಲಿ.

ಆಗಲಿ, ಕಳೆಯಲಿ. ಈ ಮಾತಿನ ರುಚಿ ಅವರಿಗೆ ಗೊತ್ತಿತ್ತು. ಧಾರೆ ಆದ ಮೇಲೆ ಊಟ ಆಗಲಿ ಎನ್ನುತ್ತದೆ, ಊಟ ಆದ ಮೇಲೆ ದಿಬ್ಬಣ ಹೊರಡಲಿ ಎನ್ನುತ್ತದೆ, ಅಷ್ಟರಲ್ಲಿ ದವಡೆ ಆರಾಮಾಗಿ, ಏನೂ ಆಗಿಲ್ಲ ಎಂದು ತಾನೇ ಸಾಕ್ಷಿ ಹೇಳುತ್ತದೆ. ಒಂದು ಕಣ್ಣು ಹೋದದ್ದು ಹೀಗೆಯೇ. ಅವರು ಬಲಕ್ಕೆ ನೋಡಿದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಮನೋರಮಾ ಕೂತಿದ್ದರು, ಕಣ್ಣು ಮಂಟಪದ ಮೇಲಿರಲಿಲ್ಲ, ಗಂಡನ ಕೆನ್ನೆಯ ಮೇಲಿತ್ತು.

ಕರುಣಾಕರ ಶೇರಿಗಾರರು ಬದುಕಿನಲ್ಲಿ ಮೊದಲ ಸಲ, ಕಾರ್ಯದ ನಡುವೆ, ವಾದ್ಯವನ್ನು ತುಟಿಯಿಂದ ಇಳಿಸಿದರು.

ಸ್ವರ ಕಡಿಯಿತು. ಡೋಲಿನವನು ತಬ್ಬಿಬ್ಬಾಗಿ ಕೈ ನಿಧಾನ ಮಾಡಿದ. ಪುರೋಹಿತರು ತಲೆ ಎತ್ತಿದರು, ಸಭೆಯಲ್ಲಿ ಗುಸುಗುಸು ಹುಟ್ಟಿತು. ಶೇರಿಗಾರರು ಹಿಂದಕ್ಕೆ ತಿರುಗಿ, "ರಿತೇಶ್, ಹಿಡಿ," ಎಂದರು.

"ಮಾವ, ಧಾರೆ..."

"ಧಾರೆಯೇ. ನೀನೇ ಊದು. ನಿನಗೆ ಬರ್ತದೆ."

ಅವರು ವೇದಿಕೆ ಇಳಿದು ಮನೋರಮಾರ ಬಳಿ ಬರುವುದಕ್ಕೂ, ರಿತೇಶನ ಸ್ವರ ಏಳುವುದಕ್ಕೂ ಸರಿಹೋಯಿತು. ಮೊದಲು ಕೊಂಚ ನಡುಗಿತು, ಆಮೇಲೆ ಹಿಡಿತ ಸಿಕ್ಕಿತು. "ನೋಯ್ತದೆ," ಎಂದರು ಶೇರಿಗಾರರು. ಮನೋರಮಾ ಆಗಲೇ ಚೀಲ ಕೈಗೆ ಹಾಕಿಕೊಂಡಿದ್ದರು. ಹೊರಗೆ ಆಟೋ ಹತ್ತುವಾಗ ಒಳಗೆ ಗಟ್ಟಿಮೇಳ ಏರಿತು. ತಾನಿಲ್ಲದೆ ಧಾರೆ ಆಗುತ್ತಿರುವುದನ್ನು ಅವರು ಒಂದು ಕ್ಷಣ ನಿಂತು ಕೇಳಿದರು. "ಪರವಾಗಿಲ್ಲ, ಚಂದವೇ ಊದ್ತಾನೆ. ಮೊದಲೇ ಕೊಡಬಹುದಿತ್ತು," ಎಂದರು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಯಾಕೆ ಮುಚ್ಚಿಡಬೇಕು.

ಮಣಿಪಾಲದಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು. ರಕ್ತ ತೆಗೆದರು, ಕಣ್ಣು ನೋಡಿದರು. ಮದುವೆಯ ಪಂಚೆ, ಜರಿ ಶಾಲಿನಲ್ಲೇ ಶೇರಿಗಾರರು ಕಣ್ಣಿನ ಯಂತ್ರಕ್ಕೆ ಗಲ್ಲವಿಟ್ಟು ಕೂತರು. ಡಾಕ್ಟರ್ ಡೈನಾ ವರದಿ ಓದಿ ಉಸಿರು ಬಿಟ್ಟರು.

"ರಕ್ತದಲ್ಲಿ ಉರಿಯೂತ ಪುನಃ ಏರಿದೆ. ಮಾತ್ರೆ ಹೆಚ್ಚು ಮಾಡಬೇಕು. ಆದರೆ ಕಣ್ಣಿಗೆ ಏನೂ ಆಗಿಲ್ಲ ಅಂಕಲ್. ಇವತ್ತೇ ಬಂದಿರಲ್ಲ, ಒಳ್ಳೆಯದಾಯ್ತು. ತಡ ಮಾಡಿದ್ದರೆ ಹೇಳಲಿಕ್ಕಾಗುತ್ತಿರಲಿಲ್ಲ."

ಸಂಜೆ ಕಾರ್ಕಳದ ಬಸ್ಸು ಸಿಕ್ಕಿತು. ಇಬ್ಬರು ಕೂರುವ ಸೀಟು. ಮನೋರಮಾ ಮೊದಲು ಹತ್ತಿ ಕಿಟಕಿಯ ಬದಿಗೆ ಸರಿದರು, ಹಾಗಾಗಿ ಗಂಡನ ಎಡಗಡೆಗೆ ಬಂದರು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಹೀಗೆ ಮರೆತವರಲ್ಲ. ಬಸ್ಸು ಪರ್ಕಳದ ಇಳಿಜಾರು ಇಳಿಯಿತು. ಶೇರಿಗಾರರಿಗೆ ಬಲಗಣ್ಣಿನಲ್ಲಿ ಕಂಡಕ್ಟರ್ ಕಾಣುತ್ತಿದ್ದ, ನಿಂತವರ ಚೀಲಗಳು ಕಾಣುತ್ತಿದ್ದವು. ಎಡಗಡೆ ಎಂದಿನ ಬೂದು. ಆದರೆ ತನ್ನ ತೋಳಿಗೆ ತಾಗಿದ್ದ ತೋಳು ಸಣ್ಣಗೆ ಅದುರುತ್ತಿರುವುದು ಗೊತ್ತಾಯಿತು.

ಅವರು ಕುತ್ತಿಗೆಯನ್ನಷ್ಟೇ ಅಲ್ಲ, ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿ ನೋಡಿದರು. ಮನೋರಮಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

"ಈ ಬದಿ ಕೂತರೆ ನನಗೆ ಕಾಣುವುದಿಲ್ಲ ಅಂತ ಮಾಡಿದ್ದಾ?" ಎಂದರು ಶೇರಿಗಾರರು.

ಆಕೆ ಅಳುತ್ತಲೇ ಹೌದೆಂದು ತಲೆಯಾಡಿಸಿದರು.

"ಏಳು," ಎಂದು ಅವರೇ ಎದ್ದು, ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ದಾರಿ ಬಿಟ್ಟರು. "ಇತ್ತ ಬಾ. ನೋಡಲಿಕ್ಕೆ ಒಂದು ಕಣ್ಣು ಉಂಟಲ್ಲ, ನೋಡ್ತೇನೆ."